ಮೊಣಕಾಲಿನ ಜವಾಬು

ನಿನ್ನೆ ಮಧ್ಯಾಹ್ನ ಊಟ ಮುಗಿಸಿ ಪಡಸಾಲೆಯಲ್ಲಿ ಕಾಲು ಚಾಚಿ ಕುಳಿತಿದ್ದಾಗ ನನ್ನ ಬಲ ಮೊಣಕಾಲಿನ ಮೇಲೆ ಒಂದು ನೊಣ ಬಂದು ಕೂತಿತು. ನಾನು ಅದನ್ನು ಓಡಿಸಲಿಲ್ಲ. ಅದು ಚಿಪ್ಪಿನ ಮೇಲಿನಿಂದ ಇಳಿದು ಹೊರಮಗ್ಗುಲಿಗೆ ಬಂತು, ಅಲ್ಲಿ ನಿಂತು ಮುಂಗಾಲು ಉಜ್ಜಿಕೊಂಡಿತು, ಏನೋ ಮರೆತು ಬಂದಂತೆ ತುಸು ಹಿಂದಕ್ಕೆ ಹೋಯಿತು. ಅದರ ಒಂದೊಂದು ಹೆಜ್ಜೆಯೂ ನನಗೆ ತಿಳಿಯುತ್ತಿತ್ತು. ನಾನು ಕಣ್ಣು ಮುಚ್ಚಿ, ದೂರದೂರಿನಿಂದ ಬಂದ ಬೀಗರನ್ನು ಸತ್ಕರಿಸುವ ಗಾಂಭೀರ್ಯದಿಂದ ಆ ನೊಣವನ್ನು ಸತ್ಕರಿಸಿದೆ. ಸೊಸೆ ಬೀಸಣಿಗೆ ತಂದಳು. ಬೇಡವೆಂದು ಕೈಸನ್ನೆ ಮಾಡಿದೆ. "ಮಾವನೋರಿಗಿ ವಯಸ್ಸಾತು" ಎಂದು ಅವಳು ಒಳಗೆ ಹೋಗಿ ಮೆಲ್ಲಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು. ನನ್ನ ಕಿವಿಗೆ ಎಂದೂ ಏನೂ ಆಗಿಲ್ಲ.

ನೀವಾದರೂ ಹಾಗೆ ತಿಳಿಯಬಾರದು. ನಿಜಾಮ ಸರಕಾರದ ಅಮಲಿನಲ್ಲಿ ನಾನು ತರುಣನಾಗಿದ್ದಾಗ, ಇದೇ ಮೊಣಕಾಲಿನ ಇದೇ ಹೊರಮಗ್ಗುಲಲ್ಲಿ ಕಮಲಾಪುರದ ಸಮಸ್ತ ನೊಣಗಳು ಸೇರಿ ದರ್ಬಾರು ನಡೆಸಿದ್ದರೂ ನನಗೆ ಸುದ್ದಿ ಮುಟ್ಟುತ್ತಿರಲಿಲ್ಲ. ಆ ಅಂಗೈಯಗಲದ ಚರ್ಮಕ್ಕೂ ನನಗೂ ಮಾತುಕತೆ ನಿಂತುಹೋಗಿತ್ತು. ಆ ಮಾತುಕತೆ ಮತ್ತೆ ಶುರುವಾದದ್ದರಿಂದ ನನ್ನ ಮದುವೆಯಾಯಿತು, ಮದುವೆಯಾದದ್ದರಿಂದ ಮಗ ಹುಟ್ಟಿದ, ಮಗ ಹುಟ್ಟಿದ್ದರಿಂದ ಈ ಸೊಸೆ ಬಂದಳು, ಬಂದದ್ದರಿಂದ ಬೀಸಣಿಗೆ ತಂದಳು. ಇಷ್ಟನ್ನೆಲ್ಲ ಆಕೆಗೆ ಯಾರು ವಿವರಿಸಬೇಕು? ನೀವು ಬಿಡುವಾಗಿದ್ದೀರಿ, ನಿಮಗೇ ಹೇಳುತ್ತೇನೆ.

ಮೊಣಕಾಲುಗಳ ವಿಷಯದಲ್ಲಿ ನಾನು ಹುಟ್ಟಿನಿಂದಲೇ ದುಂದುಗಾರ. ಎಡ ಮೊಣಕಾಲಿನ ಮೇಲೊಂದು ಬಿಳಿ ಕಲೆಯಿದೆ, ಅದು ನಮ್ಮ ಹಿತ್ತಲಿನ ಹುಣಸೆಮರದ ಕೊಡುಗೆ. ಅದರ ಪಕ್ಕದ್ದು ಬಾವಿಯ ಮೆಟ್ಟಿಲಿನದು. ಬಲಗಡೆಯ ಒರಟು ಚರ್ಮಕ್ಕೆ ನಮ್ಮ ಸರಕಾರಿ ಮದರಸೆಯ ಮೌಲ್ವಿ ಮಾಸ್ತರರೇ ಕಾರಣ. ಉರ್ದು ಅಕ್ಷರಗಳಿಗೆ ಚುಕ್ಕೆ ಎಲ್ಲಿ ಇಡಬೇಕೆಂಬ ವಿಷಯದಲ್ಲಿ ಅವರಿಗೂ ನನಗೂ ಭಿನ್ನಾಭಿಪ್ರಾಯವಿತ್ತು. ಅದು ಇತ್ಯರ್ಥವಾಗುವವರೆಗೆ ನನ್ನನ್ನು ಅಂಗಳದ ಮರಳಿನ ಮೇಲೆ ಮೊಣಕಾಲೂರಿ ನಿಲ್ಲಿಸುತ್ತಿದ್ದರು. ಹೀಗೆ ಎರಡೂ ಮೊಣಕಾಲುಗಳು ಎಳೆಯ ವಯಸ್ಸಿನಲ್ಲೇ ಲೋಕಾನುಭವ ಪಡೆದಿದ್ದವು. ಮುಂದೆ ಅವು ನನ್ನನ್ನು ಕಷ್ಟಕ್ಕೆ ನೂಕಿಯಾವು ಎಂಬ ಶಂಕೆ ನನಗೆ ಇರಲಿಲ್ಲ.

ಕಮಲಾಪುರದಲ್ಲಿ ನಮ್ಮದು ಕೆಂಪು ಬಾಳೆಯ ತೋಟ. ಆ ಹಣ್ಣಿನ ಗುಣಗಾನ ಇಲ್ಲಿ ಮಾಡುವುದಿಲ್ಲ. ಕಮಲಾಪುರದವರು ಬಾಳೆಹಣ್ಣಿನ ಮಾತು ತೆಗೆದರೆ ಕೇಳುವವರಿಗೆ ಸಾಯಂಕಾಲವಾಗುತ್ತದೆ ಎಂಬ ಅಪವಾದ ನಮ್ಮ ಮೇಲಿದೆ. ನಡೆದದ್ದಿಷ್ಟು. ಒಂದು ಬೆಳಿಗ್ಗೆ ಬಾವಿಯ ನೀರು ಹರಿಯುವ ಕಾಲುವೆಯನ್ನು ಹಾರಿ ದಾಟಿದೆ. ಬಲಗಾಲು ಆಚೆ ದಡದ ಕೆಸರಿನಲ್ಲಿ ಹೂತು ನಿಂತಿತು. ಅದೇ ಹೊತ್ತಿಗೆ ಹಿಂದಿನಿಂದ ಅಪ್ಪ ಕೂಗಿದರು. ನಾನು ತಿರುಗಿದೆ. ನಾನು ಎಂದರೆ ಮೇಲಿನ ಮುಕ್ಕಾಲು ಪಾಲು. ಮೇಲಿನ ನಾನು ಕಲಬುರಗಿಯ ಕಡೆ ಮುಖ ಮಾಡಿದೆ, ಕೆಳಗಿನ ನಾನು ಹುಮನಾಬಾದಿನ ಕಡೆಗೇ ಉಳಿದೆ. ನಡುವೆ ಇದ್ದ ಮೊಣಕಾಲು ಎರಡೂ ಪಕ್ಷದವರ ಮಾತು ನಡೆಸಲಾರದೆ 'ಟಪ್' ಎಂದಿತು.

ಊರಿನಲ್ಲಿ ಒಬ್ಬರಾದರೂ ಇದನ್ನು ನಂಬಲಿಲ್ಲ. ಬಾಳೆ ತೋಟದ ಒಡೆಯನ ಮಗ ಬಿದ್ದನೆಂದರೆ ಸಿಪ್ಪೆಯ ಮೇಲೆ ಕಾಲಿಟ್ಟೇ ಬಿದ್ದಿರಬೇಕು ಎಂದು ತೀರ್ಮಾನವಾಯಿತು. ನೋಡಲು ಬಂದವರೆಲ್ಲ ನನ್ನ ಕಾಲನ್ನು ಸವರಿ, ಕನಿಕರಪಟ್ಟು, ಹೊಸ್ತಿಲು ದಾಟಿದ ಮೇಲೆ ನಗುತ್ತಿದ್ದರು. ನಾನು ಕಾಲುವೆಯ ಕಥೆಯನ್ನು ಎಷ್ಟು ವಿವರವಾಗಿ ಹೇಳುತ್ತಿದ್ದೆನೋ ಅವರಿಗೆ ಸಿಪ್ಪೆಯ ಮೇಲಿನ ನಂಬಿಕೆ ಅಷ್ಟೇ ಬಲವಾಗುತ್ತಿತ್ತು.

ಬಾವು ಇಳಿಯಿತು. ಕಾಲು ನೋಡಲು ಸರಿಯಾಗಿಯೇ ಇತ್ತು. ಆದರೆ ಅದಕ್ಕೊಂದು ಹೊಸ ಚಟ ಅಂಟಿತು. ಸಪಾಟು ನೆಲದಲ್ಲಿ ನೆಟ್ಟಗೆ ನಡೆದು ಹೋಗುತ್ತಿರುವಾಗ ಮೊಣಕಾಲು ಯಾವ ಮುನ್ಸೂಚನೆಯೂ ಇಲ್ಲದೆ ಜಾರಿ ಪಕ್ಕಕ್ಕೆ ಸರಿಯುತ್ತಿತ್ತು. ದೊಡ್ಡವರೊಡನೆ ಮಾತಾಡುತ್ತ ನಿಂತವನು ಹಠಾತ್ತಾಗಿ ಅವರ ಪಾದದ ಬಳಿ ಇರುತ್ತಿದ್ದೆ. ಕೆಲವರು ಅದನ್ನು ವಿನಯವೆಂದು ತಿಳಿದು ಆಶೀರ್ವದಿಸಿದರು.

ಇದು ಹೇಗೋ ನಡೆಯುತ್ತಿತ್ತು, ಆದರೆ ನನಗೆ ಹೆಣ್ಣು ಗೊತ್ತಾಗಿತ್ತು. ಕಲಬುರಗಿಯ ಪಕ್ಕದ ಕೋಟನೂರಿನ ಮಲ್ಲಪ್ಪಗೌಡರ ಮೊಮ್ಮಗಳು ನೀಲವ್ವ. ನಾನು ಬೀಳುವುದಕ್ಕೆ ಮುಂಚೆಯೇ ಮಾತು ಮುಗಿದು ಎಲೆ-ಅಡಿಕೆ ಹಂಚಿಯಾಗಿತ್ತು. ಹೆಣ್ಣು ನೋಡಲು ಹೋದಾಗ ಎಲ್ಲ ಹುಡುಗಿಯರಂತೆ ಅವಳೂ ನೆಲ ನೋಡುತ್ತ ಬಂದು ಕೂತಳು. ನಮ್ಮ ಕಡೆಯ ಹಿರಿಯರೊಬ್ಬರು ಪದ್ಧತಿಯಂತೆ, "ಹುಡುಗಿ, ಒಂದ್ ಸ್ವಲ್ಪ ನಡದು ತೋರ್ಸವ್ವ" ಎಂದರು. ಅವಳು ಎದ್ದು ಬಾಗಿಲವರೆಗೆ ನಡೆದಳು, ತಿರುಗಿದಳು, ಮತ್ತೆ ಬರುವಾಗ ನೆಲ ಬಿಟ್ಟು ನನ್ನನ್ನೇ ನೇರ ನೋಡಿದಳು. ನೀನು ಯಾವಾಗ ನಡೆದು ತೋರಿಸುತ್ತಿ ಎಂದು ಕೇಳುವ ನೋಟ. ಅವತ್ತಿನಿಂದ ಆ ಹುಡುಗಿಯೇ ನನಗೆ ಬೇಕಾಗಿತ್ತು. ಹಾಸ್ಯ ಬಿಟ್ಟು ಹೇಳುವುದಾದರೆ ಇಷ್ಟೇ ಮಾತು.

ಕಲಬುರಗಿಯಲ್ಲಿ ನನ್ನ ಸೋದರಮಾವ ವಕೀಲರಾಗಿದ್ದರು. ಅವರು ನನ್ನನ್ನು ರೈಲಿನಲ್ಲಿ ವಾಡಿಯ ಮೇಲೆ ಹಾದು ಹೈದರಾಬಾದಿಗೆ ಕರೆದೊಯ್ದರು. ಅಲ್ಲಿ ವಿಲಾಯತಿಗೆ ಹೋಗಿ ಕಲಿತು ಬಂದ ಒಬ್ಬ ಸರ್ಜನರಿದ್ದರು. ಮೊಣಕಾಲಿನೊಳಗೆ ಎರಡು ಎಲುಬನ್ನು ಹಿಡಿದು ನಿಲ್ಲಿಸುವ ಹುರಿ ಇರುತ್ತದೆ, ನಿನ್ನದು ಹರಿದಿದೆ, ತೊಡೆಯಿಂದ ಒಂದು ಪಟ್ಟಿ ತೆಗೆದು ಎಲುಬಿನಲ್ಲಿ ತೂತು ಮಾಡಿ ಪೋಣಿಸಿ ಕಟ್ಟುತ್ತೇನೆ ಎಂದರು. ಮಾವನವರು ಹಿಂದಿರುಗಿದ ಮೇಲೆ ಇದನ್ನೇ ಅತ್ತೆ ಗುರುಬಸವ್ವನಿಗೆ ವಿವರಿಸಿದರು. ಅತ್ತೆ ಪೂರ್ತಿ ಕೇಳಿ, "ಅಂದ್ರ ಜೋಲು ಬಿದ್ದ ಹೊರಸಿನ ಮಂಚಕ್ಕ ಹಗ್ಗಾ ಬಿಗದಂಗ. ಅದಕ್ಕ ಹೈದರಾಬಾದಿಗಿ ಯಾಕ ಹೋಗಬೇಕಿತ್ತು?" ಎಂದರು.

ಕ್ಲೋರೋಫಾರ್ಮಿನ ವಾಸನೆ, ಸೊಂಟದಿಂದ ಪಾದದವರೆಗೆ ಗಟ್ಟಿ ಪ್ಲಾಸ್ಟರು, ಮಾವನವರ ಮನೆಯ ಪಡಸಾಲೆಯಲ್ಲಿ ಒಂದು ಇಡೀ ಮಳೆಗಾಲ. ಪ್ಲಾಸ್ಟರು ಒಡೆದ ದಿನ ಒಳಗಿಂದ ಹೊರಬಂದ ಕಾಲನ್ನು ನಾನು ಗುರುತು ಹಿಡಿಯಲಿಲ್ಲ. ನೆರಳಿನಲ್ಲಿ ಬೆಳೆದ ಬಾಳೆಯ ಮರಿಯಂತೆ ಬಿಳಿಚಿಕೊಂಡು, ಸೊರಗಿ, ಯಾರದೋ ಮನೆಯ ಕಾಲಿನಂತಿತ್ತು. ಸಂಕೋಚದಿಂದಲೇ ಅದನ್ನು ಮುಟ್ಟಿದೆ. ಮೊಣಕಾಲಿನ ಹೊರಮಗ್ಗುಲಲ್ಲಿ ಮುಟ್ಟಿದ್ದು ಕೈಗೆ ತಿಳಿಯಿತು, ಕಾಲಿಗೆ ತಿಳಿಯಲಿಲ್ಲ.

ಕಲಬುರಗಿಯ ದವಾಖಾನೆಯ ಡಾಕ್ಟರ ಸಾಹೇಬರು ಬಿಳಿ ಗಡ್ಡದ, ಒಳ್ಳೆಯ ಮಾತಿನ ಮನುಷ್ಯ. ನನ್ನನ್ನು ಎತ್ತರದ ಮೇಜಿನ ಅಂಚಿಗೆ ಕೂರಿಸಿ, ಕಾಲು ಇಳಿಬಿಡಿಸಿ, ರಬ್ಬರಿನ ತಲೆಯ ಸಣ್ಣ ಸುತ್ತಿಗೆಯಿಂದ ಎಡ ಮೊಣಚಿಪ್ಪಿನ ಕೆಳಗೆ ತಟ್ಟಿದರು. ಎಡಗಾಲು ತಟಕ್ಕನೆ ಮುಂದೆ ಚಿಮ್ಮಿತು. ಬಲಕ್ಕೆ ತಟ್ಟಿದರು. ಅದು ನಿಂತ ಗಡಿಯಾರದ ಲೋಲಕದಂತೆ ಸುಮ್ಮನೆ ಜೋತುಬಿದ್ದಿತ್ತು.

"ನೋಡ್ರಿ ಮಿಯಾ," ಎಂದರು ಸಾಹೇಬರು. "ಸುತ್ತಿಗಿ ಸವಾಲ್ ಕೇಳ್ತದ, ಕಾಲು ಜವಾಬ್ ಕೊಡಬೇಕು. ಎಡಗಡಿ ಸಾಹೇಬ್ರು ಹುಷಾರ್ ಅದಾರ. ಬಲಗಡಿಯವ್ರು ಮಲಕೊಂಡಾರ."

"ಸತ್ತಿಲ್ಲಲ್ರೀ?"

"ತೌಬಾ ತೌಬಾ! ಮಲಗಿದವ್ರನ್ನ ಸತ್ತಾರಂತ ಯಾಕ ಅಂತೀರಿ? ತೊಡಿ ಮಾಂಸ ಸೊರಗ್ಯಾದ, ಚರ್ಮದ ನಸ, ಅಂದ್ರ ನರ, ಕೊಯ್ದ ಹೊತ್ತಿನಾಗ ಹರದದ. ಎರಡೂ ತಿರುಗಿ ಬರ್ತಾವ. ಸಬೂರಿ ಬೇಕು."

ನನ್ನಲ್ಲಿ ಸಬೂರಿ ಇತ್ತು. ಮಲ್ಲಪ್ಪಗೌಡರಲ್ಲಿ ಇರಲಿಲ್ಲ.

ಗೌಡರು ಎತ್ತುಗಳ ಪರೀಕ್ಷೆಯಲ್ಲಿ ಹೆಸರಾದವರು. ಸುತ್ತಲಿನ ಸಂತೆಗಳಲ್ಲಿ ಎತ್ತು ಕೊಳ್ಳುವವರು ಮೊದಲು ಗೌಡರಿಗೆ ಗಾಡಿ ಕಳಿಸುತ್ತಿದ್ದರು. ಹಲ್ಲು, ಗೊರಸು, ನಡಿಗೆ ಎಲ್ಲ ನೋಡಿಯಾದ ಮೇಲೆ ಅವರದೊಂದು ಕೊನೆಯ ಪರೀಕ್ಷೆ ಇತ್ತು. ಎತ್ತಿಗೆ ಕಾಣದ ಹಾಗೆ ಪಕ್ಕದಲ್ಲಿ ನಿಂತು ಒಂದು ಹುಲ್ಲುಕಡ್ಡಿಯ ತುದಿಯನ್ನು ಅದರ ಪಕ್ಕೆಗೆ ಮುಟ್ಟಿಸುವುದು. ನೊಣ ಕೂತಾಗ ಆಗುವಂತೆ ಅದೇ ಜಾಗದ ತೊಗಲು ನಡುಗಿದರೆ ಎತ್ತು ಸಾಚಾ. ತೊಗಲು ಸುಮ್ಮನಿದ್ದರೆ ಒಳಗೆ ಏನೋ ಕೆಟ್ಟಿದೆ. ಈ ಶಾಸ್ತ್ರದ ಮೇಲೆ ಗೌಡರಿಗೆ ಇದ್ದಷ್ಟು ಭರವಸೆ ಬೇರೆ ಯಾವುದರ ಮೇಲೂ ಇರಲಿಲ್ಲ. ನನ್ನ ಮೊಣಕಾಲಿಗೆ ಮುಟ್ಟಿದ್ದು ತಿಳಿಯುವುದಿಲ್ಲವಂತೆ ಎಂಬ ಸುದ್ದಿ ಕೋಟನೂರಿಗೆ ಮುಟ್ಟಿದ ಕೂಡಲೆ, ಅಳಿಯನಾಗುವವನ ತೊಗಲು ನೋಡಲು ಬರುತ್ತೇನೆ ಎಂದು ಹೇಳಿಕಳಿಸಿದರು.

ಅತ್ತೆ ಗುರುಬಸವ್ವ ಧೈರ್ಯದ ಹೆಂಗಸು. "ಶರಣ್ಯಾ, ನೀ ಏನ್ ಚಿಂತಿ ಮಾಡಬ್ಯಾಡ," ಎಂದರು. "ಆ ಮುದುಕಪ್ಪ ನಿನ್ನ ಮಾರಿ ಆಚಿ ಕಡಿ ತಿರಗಸ್ತಾನ. ನಾ ಬಾಗಲ ಸಂದ್ಯಾಗ ನಿಂತಿರ್ತೀನಿ. ಕಡ್ಡಿ ಮುಟ್ಟಿದ ಕೂಡ್ಲೆ ಬಳಿ ಸಪ್ಪಳ ಮಾಡ್ತೀನಿ. ನೀ ಕಾಲು ಜಗ್ಗು. ಅಷ್ಟs."

ಈ ಯುಕ್ತಿಯಲ್ಲಿ ನಮಗಿಬ್ಬರಿಗೂ ದೋಷವೇ ಕಾಣಲಿಲ್ಲ. ವಕೀಲರ ಮನೆಯಲ್ಲಿ ಇದ್ದೂ ಕಾಣಲಿಲ್ಲ.

ಗೌಡರು ಬಂದರು. ಆರೋಗ್ಯ ವಿಚಾರಿಸಿದರು, ಚಹಾ ಕುಡಿದರು, ನನ್ನನ್ನು ಮಂಚದ ಮೇಲೆ ಕೂರಿಸಿ, "ತಮ್ಮಾ, ಮ್ಯಾಲ ಜಂತಿ ನೋಡ್ಕೋತ ಕುಂಡ್ರು" ಎಂದರು. ಧೋತರವನ್ನು ಮೊಣಕಾಲಿನ ಮೇಲಕ್ಕೆ ಸರಿಸಿದರು. ನಾನು ಜಂತಿ ನೋಡುತ್ತ ಮೈಯೆಲ್ಲ ಕಿವಿಯಾದೆ. ಬಳೆ ಘಲ್ಲೆಂದಿತು. ಕಾಲನ್ನು ಭರ್ಜರಿಯಾಗಿ ಜಗ್ಗಿದೆ.

"ನಾ ಇನ್ನಾ ಮುಟ್ಟೇ ಇಲ್ಲಲ್ಲ ತಮ್ಮಾ," ಎಂದರು ಗೌಡರು.

ಆಮೇಲೆ ತಿಳಿದದ್ದು, ಅತ್ತೆಯ ತಲೆಯ ಮೇಲಿನ ಸೆರಗು ಜಾರಿತ್ತು. ಅದನ್ನು ಸರಿಮಾಡಲು ಕೈ ಎತ್ತಿದ್ದರು. ಗೌಡರ ಮಾತು ಕೇಳಿ ಗಾಬರಿಯಾಗಿ ಆ ಕೈಯಿಂದ ಬಾಯಿ ಮುಚ್ಚಿಕೊಂಡರು. ಬಳೆ ಮತ್ತೆ ಘಲ್ಲೆಂದಿತು. ನಾನು ಮತ್ತೆ ಜಗ್ಗಿದೆ. ಆಗ ಗೌಡರು ಹಿಂದೆ ಒರಗಿ ಕೂತು ನನ್ನನ್ನು ನೋಡುತ್ತಿದ್ದರಂತೆ, ಕಡ್ಡಿ ಅವರ ತೊಡೆಯ ಮೇಲಿತ್ತಂತೆ. ಇನ್ನು ಅನಾಹುತ ಬೇಡವೆಂದು ಅತ್ತೆ ಒಂದು ಕೈಯ ಬಳೆಗಳನ್ನು ಇನ್ನೊಂದು ಕೈಯಿಂದ ಬಿಗಿಯಾಗಿ ಹಿಡಿದು ಉಸಿರು ಕಟ್ಟಿ ನಿಂತರು. ಗೌಡರು ಅದೇ ಹೊತ್ತಿಗೆ ಕಡ್ಡಿಯನ್ನು ನಿಜವಾಗಿ ಮುಟ್ಟಿಸಿದರು. ಮತ್ತೆ ಮುಟ್ಟಿಸಿದರು. ತುದಿಯಿಂದ ಗೀರಿದರು. ನಾನು ಜಂತಿ ನೋಡುತ್ತ ಕಲ್ಲಿನ ಬಸವಣ್ಣನಂತೆ ಕೂತಿದ್ದೆ.

ಗೌಡರು ಕಡ್ಡಿಯನ್ನು ಎಸೆದು ಎದ್ದರು. "ಮುಟ್ಟದಿದ್ರ ಜಿಗೀತದ, ಮುಟ್ಟಿದ್ರ ಸುಮ್ಮ ಕುಂಡ್ರತದ. ಇಂಥಾ ದನಾ ನಾ ಯಾ ಸಂತ್ಯಾಗೂ ನೋಡಿಲ್ಲ."

ಮಾವನವರು ಕರಿಕೋಟಿನ ಧ್ವನಿ ತೆಗೆದರು. "ಗೌಡ್ರ, ಎಲಿ-ಅಡಕಿ ಆಗ್ಯಾದ. ಹತ್ತು ಮಂದಿ ಎದುರಿಗಿ ಮಾತು ಮುಗದದ."

"ವಕೀಲ್ರ, ನಾ ಕೋರ್ಟಿಗಿ ಬಂದಿಲ್ಲ," ಎಂದರು ಗೌಡರು. ಈಗ ಅವರ ಮಾತಿನಲ್ಲಿ ಸಂತೆ ಇರಲಿಲ್ಲ. "ನೀಲಾಗ ಅಪ್ಪ ಇಲ್ಲ. ನಾ ಸಾಕೀನಿ. ನಾ ಇರೂತನಕ ನೋಡ್ತೀನಿ, ನಾ ಹೋದ ಮ್ಯಾಲ ಆಕಿ ಗಂಡನ್ನ ಹೊತಗೊಂಡು ತಿರಗಬಾರ್ದು. ಆಳಂದ ಕಡಿಂದ ಒಂದು ಸಂಬಂಧ ಬಂದದ. ಯುಗಾದಿ ತನಕ ಹಾದಿ ನೋಡ್ತೀನಿ. ಈ ಕಾಲಿಗಿ ಜೀವ ಬಂದ್ರ ಬಂತು. ಇಲ್ಲಾಂದ್ರ ನನ್ನ ಮ್ಯಾಲ ಸಿಟ್ಟಾಗಬ್ಯಾಡ್ರಿ."

ಸಿಟ್ಟಾಗಲು ಅವರು ಜಾಗವನ್ನೇ ಬಿಟ್ಟಿರಲಿಲ್ಲ. ನನಗೂ ಮೊಮ್ಮಗಳಿದ್ದಿದ್ದರೆ ನಾನು ನನಗೆ ಕೊಡುತ್ತಿರಲಿಲ್ಲ.

ಹೀಗೆ ಆಳಂದದ ಯಾವನೋ ಎರಡು ಕಾಲಿನ ತರುಣನಿಗೂ ನನಗೂ ಯುದ್ಧ ಘೋಷಣೆಯಾಯಿತು. ಯುದ್ಧಭೂಮಿ ಅಂಗೈಯಗಲದ್ದು. ಡಾಕ್ಟರ ಸಾಹೇಬರು ಹತ್ತಿಯಿಂದ ಸವರಿ, ಸೂಜಿಯಿಂದ ಚುಚ್ಚಿ, ತಿಳಿಯುವ ಜಾಗಕ್ಕೂ ತಿಳಿಯದ ಜಾಗಕ್ಕೂ ನಡುವೆ ನೇರಳೆ ಪೆನ್ಸಿಲಿನಿಂದ ಗಡಿ ಎಳೆದರು. ನೋಡಿದರೆ ಥೇಟ್ ಒಂದು ಸಂಸ್ಥಾನದ ನಕಾಶೆ. ಸ್ನಾನದಲ್ಲಿ ಅದು ಅಳಿಸಬಾರದೆಂದು ನಾನು ಬಲಗಾಲನ್ನು ಹೊರಗಿಟ್ಟು ಮೀಯುತ್ತಿದ್ದೆ. ಪ್ರತಿ ಸಲ ಹೋದಾಗ ಗಡಿಯನ್ನು ಮತ್ತೆ ಪರೀಕ್ಷಿಸುತ್ತಿದ್ದರು. ಬಹಳ ದಿನ ಅದು ಒಂದು ಕೂದಲೆಳೆಯೂ ಸರಿಯಲಿಲ್ಲ. ತಿಳಿಯದ ಸಂಸ್ಥಾನದವರು ತಮ್ಮ ರಾಜ್ಯದಲ್ಲಿ ಸುಖವಾಗಿದ್ದರು.

ತೊಡೆಗೆ ಬಲ ಬರಲೆಂದು ಸಾಹೇಬರು ವ್ಯಾಯಾಮ ಹೇಳಿದರು. ಪಾದಕ್ಕೆ ಮರಳಿನ ಚೀಲ ಕಟ್ಟಿಕೊಂಡು, ಮಂಚದ ಅಂಚಿಗೆ ಕೂತು, ಕಾಲನ್ನು ನೆಟ್ಟಗೆ ಮಾಡಿ ಇಳಿಸುವುದು. ಮಾವನವರ ಕಕ್ಷಿದಾರರು ಎದುರಿನ ಬೆಂಚಿನ ಮೇಲೆ ತಮ್ಮ ಸರದಿ ಕಾಯುತ್ತ ಇದನ್ನು ನೋಡುತ್ತಿದ್ದರು. ಹೊಲದ ತಕರಾರಿಗೆ ಬಂದ ಒಬ್ಬ ಮುದುಕ ಮರುಗಿ, "ಇದು ಯಾ ಕಲಮಿನ ಸಜಾ ರೀ ವಕೀಲ್ರ?" ಎಂದು ಕೇಳಿದ. ಸಾಯಂಕಾಲ ಕೋಲು ಹಿಡಿದು ಕಿಲ್ಲೆಯ ಕಂದಕದ ಗುಂಟ ನಡೆಯುತ್ತಿದ್ದೆ. ಹೊಸ ಹುರಿ ಮೊಣಕಾಲನ್ನು ಗಟ್ಟಿಯಾಗಿ ಹಿಡಿದಿತ್ತು, ಅದರ ಮೇಲೆ ನನಗೆ ದೂರಿಲ್ಲ. ದೂರು ಇದ್ದದ್ದು ತೊಗಲಿನ ಮೇಲೆ, ಸುತ್ತಿಗೆಗೆ ಬಾಯಿ ಬಿಡದ ಆ ಮೌನದ ಮೇಲೆ.

ಮೌನ ಮುರಿಯಲು ಮನೆಯವರೆಲ್ಲ ಕೈಜೋಡಿಸಿದರು. ಕಚೇರಿಗೆ ಹೊರಟ ಮಾವನವರು ಬೂಟು ಹಾಕುವ ಮುಂಚೆ ಕೊಡೆಯ ಹಿಡಿಯಿಂದ ಒಂದು ತಟ್ಟಿ ಹೋಗುತ್ತಿದ್ದರು. ಅತ್ತೆ ಚಪಾತಿಯ ನಡುವೆ ಎದ್ದು ಬಂದು ಲಟ್ಟಣಿಗೆಯಿಂದ ತಟ್ಟುತ್ತಿದ್ದರು. ಮೊಣಕಾಲಿಗೆ ಹಿಟ್ಟು ಅಂಟಿತೇ ಹೊರತು ಜವಾಬು ಬರಲಿಲ್ಲ.

ಅತ್ತೆಗೆ ಇನ್ನೊಂದು ಕೆಲಸವಿತ್ತು. ದಿನಾ ದೇವರ ದೀಪಕ್ಕೆ ಬತ್ತಿ ಹೊಸೆಯಬೇಕು. ಹತ್ತಿಯ ಎಳೆಯನ್ನು ಮೊಣಕಾಲಿನ ಮಗ್ಗುಲ ಚರ್ಮದ ಮೇಲೆ ಇಟ್ಟು ಅಂಗೈಯಿಂದ ಹೊಸೆಯುವುದು ಎಲ್ಲ ಮನೆಗಳ ಪದ್ಧತಿ. "ಡಾಕ್ಟರ ಹತ್ತಿಲೆ ಸವರಬೇಕಂತ ಅಂದಾನಲ್ಲ. ಹೆಂಗೂ ಸವರೂದs ಅದ, ಬತ್ತಿನರ ಆಗಲಿ" ಎಂದು ನನ್ನ ಕಾಲಿನ ಮೇಲೆಯೇ ಹೊಸೆಯತೊಡಗಿದರು. ಬತ್ತಿಯ ಬುಟ್ಟಿ ತುಂಬಿ ಚೆಲ್ಲಿತು. ನೆರೆಹೊರೆಗೂ ಹಂಚಾಯಿತು. ಆ ವರ್ಷ ನಮ್ಮ ಓಣಿಯ ದೀಪಗಳೆಲ್ಲ ಉರಿದದ್ದು ನನ್ನ ಮೊಣಕಾಲಿನ ಪ್ರಸಾದದಿಂದ.

ಚಳಿ ಕಡಿಮೆಯಾಗುತ್ತಿದ್ದ ದಿನಗಳಲ್ಲಿ ಒಂದು ಬೆಳಿಗ್ಗೆ, ಆ ಸಂಸ್ಥಾನದ ಗಡಿಯಲ್ಲಿ ಇರುವೆ ಹರಿದಂತಾಯಿತು. ನೋಡಿದರೆ ಇರುವೆ ಇಲ್ಲ. ಮರುದಿನ ಮತ್ತೆ ಹರಿದವು, ಸಾಲುಸಾಲಾಗಿ, ಗಂಟುಮೂಟೆ ಕಟ್ಟಿಕೊಂಡು. ಆಮೇಲೆ ತಣ್ಣೀರು ಬಿದ್ದರೆ ಸುಟ್ಟಂತಾಗತೊಡಗಿತು. ಧೋತರದ ಅಂಚು ತಾಗಿದರೆ ಮುಳ್ಳು ಎಳೆದಂತೆ. ಇಷ್ಟು ಸುಖವನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ಒಂದು ಮಧ್ಯಾಹ್ನ ಅತ್ತೆ ಬತ್ತಿ ಹೊಸೆಯುತ್ತಿದ್ದಾಗ ನಾನು ತಡೆಯಲಾರದೆ ಕಿಸಕ್ಕನೆ ನಕ್ಕೆ.

"ಯಾಕೋ, ಹುಚ್ಚ ಹಿಡೀತೇನು?"

"ಅತ್ತಿ, ಕಚಗುಳಿ ಆಗ್ಲಾಕತ್ತದ!"

ಅತ್ತೆ ಬತ್ತಿಯನ್ನು ಬಿಟ್ಟು, ನನ್ನ ಮುಖ ನೋಡಿ, ನಂಬದೆ ಮತ್ತೊಮ್ಮೆ ಹೊಸೆದರು. ನಾನು ಮತ್ತೆ ನಕ್ಕೆ. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಕೂಡಲೆ ಸಾವರಿಸಿಕೊಂಡು, "ಹಂಗಾದ್ರ ನಾಳಿಂದ ಬತ್ತಿಗಿ ಬ್ಯಾರೆ ಕಾಲು ಹುಡುಕಬೇಕು" ಎಂದರು.

ದವಾಖಾನೆಯಲ್ಲಿ ನೇರಳೆ ಗಡಿ ಅಂದು ಒಳಕ್ಕೆ ಸರಿಯಿತು. ಆಮೇಲೆ ಸರಿಯುತ್ತಲೇ ಹೋಯಿತು. ಗ್ರಾಮ ಗ್ರಾಮವಾಗಿ ನಾನು ನನ್ನ ರಾಜ್ಯವನ್ನು ಮರಳಿ ಗೆದ್ದೆ. ಕೊನೆಗೆ ಸಾಹೇಬರು ಗಡಿ ಎಳೆಯಲು ಹೋಗಿ ಜಾಗ ಸಿಗದೆ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡರು. ಸುತ್ತಿಗೆ ತೆಗೆದು ತಟ್ಟಿದರು. ಬಾಗಿಲ ಮರೆಯಲ್ಲಿ ನಿಂತು ಉತ್ತರಿಸುವ ಹೊಸ ಸೊಸೆಯಂತೆ ಬಲಗಾಲು ತುಸುವೇ ತುಸು ಮುಂದೆ ಬಂದು ಹಿಂದೆ ಹೋಯಿತು.

"ವಾಹ್ವಾ!" ಸಾಹೇಬರು ಕಂಪೌಂಡರನನ್ನು ಕೂಗಿ ಕರೆದರು. "ಬಂದು ನೋಡಪ್ಪಾ, ಬಲಗಡಿ ಸಾಹೇಬ್ರು ಎದ್ದಾರ! ಇನ್ನಾ ಆಕಳಸಲಾಕತ್ತಾರ, ಖರೆ ಎದ್ದಾರ!"

ನಾನು ಅತ್ತೆಯೊಡನೆ ಕಮಲಾಪುರಕ್ಕೆ ಮರಳಿ ಗೌಡರಿಗೆ ಹೇಳಿಕಳಿಸಿದೆ. ಯುಗಾದಿ ಹತ್ತಿರವಿತ್ತು. ಹುಮನಾಬಾದಿನ ಕಡೆ ನೆಂಟರ ಮನೆಗೆ ಹೋಗಿದ್ದ ಗೌಡರು ಹಿಂದಿರುಗುವಾಗ ನಮ್ಮ ತೋಟದ ಮನೆಯ ಮುಂದೆ ಗಾಡಿ ನಿಲ್ಲಿಸಿದರು. ಗಾಡಿಯಿಂದ ಇಬ್ಬರು ಹೆಂಗಸರೂ ಇಳಿದರು. ಒಬ್ಬಾಕೆ ನೀಲವ್ವನ ತಾಯಿ, ಇನ್ನೊಬ್ಬಾಕೆ ನೀಲವ್ವ. ಇಬ್ಬರೂ ನೇರ ಒಳಗೆ ಹೋದರು.

ಗೌಡರು ನನ್ನನ್ನು ಕಾಲುವೆಯ ಪಕ್ಕದ ಎತ್ತರದ ಕಟ್ಟೆಯ ಮೇಲೆ ಕೂರಿಸಿದರು. ಕಾಲುಗಳು ಕೆಳಗೆ ಇಳಿಬಿದ್ದಿದ್ದವು. ಹೆಗಲ ಮೇಲಿನ ವಲ್ಲಿ ತೆಗೆದು ನನ್ನ ಕಣ್ಣಿಗೆ ಕಟ್ಟಿದರು. ಆಮೇಲೆ ಅತ್ತೆಯ ಕಡೆ ತಿರುಗಿದರು.

"ಯವ್ವಾ ಗುರುಬಸವ್ವ, ಮುತ್ತೈದಿಗಿ ಬಳಿ ತೆಗದಿಡು ಅನಬಾರ್ದು. ನೀನs ಒಂದೀಟು ಹಿತ್ತಲಕ ಹೋಗವ್ವ."

ಅತ್ತೆ ಹಿತ್ತಲಿಗೆ ಹೋದರು. ಬಳೆಯ ಸಪ್ಪಳ ದೂರವಾಗುವವರೆಗೆ ಗೌಡರು ಕಾದರು.

"ಹೂಂ, ಹೇಳು ತಮ್ಮಾ."

"ಇನ್ನಾ ಮುಟ್ಟಿಲ್ರಿ."

"ಈಗ?"

"ಚಿಪ್ಪಿನ ಕೆಳಗ. ಕಡ್ಡಿ."

"ಈಗ?"

"ಹೊರಗಿನ ಮಗ್ಗಲಾ. ಇದು ಕಡ್ಡಿ ಅಲ್ರಿ, ನಿಮ್ಮ ಉಗುರು."

ಪಕ್ಕದಲ್ಲಿದ್ದ ಅಪ್ಪನ ಉಸಿರು ಕೇಳಿಸಿತು. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ, ಹಿಂದೆ ಕಲ್ಲಾಗಿದ್ದ ಅದೇ ಜಾಗದಲ್ಲಿ, ಕಡ್ಡಿಯ ಕೂದಲಿನಂಥ ತುದಿ ಸುಳಿದು ಹೋಯಿತು. ನಾನು ಹೇಳುವ ಮುಂಚೆಯೇ ನನ್ನ ತೊಗಲು ತಾನಾಗಿ ನಡುಗಿತು.

"ಹಾಂ," ಎಂದರು ಗೌಡರು. ಸಂತೆಯಲ್ಲಿ ಅವರ ಬಾಯಿಂದ ಆ 'ಹಾಂ' ಕೇಳಲು ಜನ ಗಾಡಿ ಕಟ್ಟಿಕೊಂಡು ಬರುತ್ತಿದ್ದರು. "ತೊಗಲು ಸಾಚಾ ಅದ. ಇನ್ನ ಆ ಡಾಕ್ಟರ ಸುತ್ತಿಗಿದು ಒಂದು ನೋಡಬೇಕಲ್ಲ. ಎಲ್ಲಿ ಹೊಡೀತಾನ?"

ಅಪ್ಪ ಜಾಗ ತೋರಿಸಿದರು. ಗೌಡರು ಚೆನ್ನಾಗಿ ಕಾಣಲೆಂದು ನನ್ನ ಎದುರಿಗೇ ಕುಕ್ಕರಗಾಲಿನಲ್ಲಿ ಕೂತು, ಬಾರುಕೋಲಿನ ದಪ್ಪ ತುದಿಯಿಂದ ಬಲವಾಗಿ ಒಂದು ಕೊಟ್ಟರು. ಎತ್ತಿನ ಹಿಂದೆ ನಿಲ್ಲಬಾರದೆಂದು ಊರಿಗೆಲ್ಲ ಬುದ್ಧಿ ಹೇಳುತ್ತ ಬಂದವರು ಅವರು. ಮನುಷ್ಯ ಒದೆಯುವುದು ಮುಂದಕ್ಕೆ ಎಂಬುದು ಆ ಗಳಿಗೆಯಲ್ಲಿ ಅವರಿಗೆ ಹೊಳೆಯಲಿಲ್ಲ.

ನನ್ನ ಕಾಲು ಹಾರಿತು. ಹಾರಿದ್ದು ನಾನಲ್ಲ, ಕಾಲು. ಪಾದಕ್ಕೆ ಏನೋ ಮೆತ್ತಗಿನದು ತಾಗಿ ಹೋದದ್ದು ಸ್ಪಷ್ಟವಾಗಿ ತಿಳಿಯಿತು. ನಂತರ ನೀರಿನಲ್ಲಿ 'ಡುಬ್' ಎಂದು ಏನೋ ಬಿದ್ದ ಸಪ್ಪಳ.

ಕಣ್ಣು ಕಟ್ಟಿದ್ದ ನಾನು ಭಕ್ತಿಯಿಂದ ಕೇಳಿದೆ, "ಜವಾಬು ಬಂತೇನ್ರೀ?"

ವಲ್ಲಿ ಎಳೆದು ನೋಡಿದೆ. ಗೌಡರು ಬೋಳುತಲೆಯಲ್ಲಿ ನೆಲದ ಮೇಲೆ ಕುಂಡೆಯೂರಿ ಕೂತಿದ್ದರು. ಅವರ ತಲೆಗೆ ಸುತ್ತಿದ್ದ ರುಮಾಲು, ಮೂರು ಊರಿನ ಪಂಚಾಯಿತಿಗಳಲ್ಲಿ ತಲೆಯೆತ್ತಿ ಕೂತ ರುಮಾಲು, ಕಾಲುವೆಯ ನೀರಿನಲ್ಲಿ ಸುತ್ತು ಬಿಚ್ಚಿಕೊಳ್ಳುತ್ತ ಬಾಳೆಯ ಬುಡದ ಕಡೆಗೆ ತೇಲಿ ಹೋಗುತ್ತಿತ್ತು. ಹಿರಿಯರ ಮೈಗೆ ಅಪ್ಪಿತಪ್ಪಿ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಮನೆತನ ನಮ್ಮದು. ಹಿರಿಯರ ರುಮಾಲನ್ನು ಒದ್ದರೆ ಏನನ್ನು ಎಲ್ಲಿಗೆ ಒತ್ತಿಕೊಳ್ಳಬೇಕೆಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಪ್ಪನ ಮುಖ ಬೂದಿಯಾಗಿತ್ತು. ಆಳಂದದ ಗಾಡಿ ಹೊರಟ ಸಪ್ಪಳ ನನಗೆ ಕೇಳಿಸತೊಡಗಿತು.

ಅಷ್ಟರಲ್ಲಿ ಒಳಬಾಗಿಲಿನಿಂದ ಒಂದು ನಗೆ ಸಿಡಿಯಿತು. ತಡೆಹಿಡಿದು, ತಡೆಯಲಾರದೆ, ಬಾಯಿಗೆ ಹಿಡಿದ ಸೆರಗನ್ನೂ ದಾಟಿ ಬಂದ ನಗೆ.

"ನಗಾಕಿ ಯಾರಕಿ?" ಗೌಡರು ಗುಡುಗಿದರು.

"ನಾನs ಮುತ್ಯಾ."

"ನಗೂದೇನದ ಇದರಾಗ?"

ನೀಲವ್ವ ಬಾಗಿಲು ಬಿಟ್ಟು ಈಚೆ ಬರಲಿಲ್ಲ. ದನಿ ಮಾತ್ರ ಬಂತು. "ಏನಿಲ್ಲ. ಎತ್ತು ಆಗಿದ್ರ ಇಷ್ಟೊತ್ತಿಗಿ ಹಗ್ಗಾ ಹಿಡದು ಮನಿಗಿ ಹೊಡಕೊಂಡು ಹೋಗ್ತಿದ್ದಿ."

ಗೌಡರು ನನ್ನ ಕಾಲು ನೋಡಿದರು, ನೀರಿನಲ್ಲಿ ಹೋಗುತ್ತಿದ್ದ ರುಮಾಲು ನೋಡಿದರು. ಅವರ ಮೀಸೆ ಒಂದು ಮಗ್ಗುಲಿನಿಂದ ಅಲುಗತೊಡಗಿತು. ಆಮೇಲೆ ಹೊಟ್ಟೆ ಅಲುಗಿತು. ಆಮೇಲೆ ಬೋಳುತಲೆಯ ಆ ದೊಡ್ಡ ಮನುಷ್ಯ ಕಾಲುವೆಯ ದಡದ ಮೇಲೆ ಕೂತಲ್ಲಿಯೇ ಹೊಟ್ಟೆ ಹಿಡಿದು ನಕ್ಕರು. "ಜೀವ ಅದ!" ಎಂದರು. "ಅಬಬಬ, ಏನ್ ಒದೀತದ! ಜೀವ ಅದ ಇದಕ್ಕ!" ಹಿತ್ತಲಿನಿಂದ ಅತ್ತೆಯ ಬಳೆಗಳು ಓಡೋಡಿ ಬರುವುದು ಕೇಳಿಸಿತು.

ಯುಗಾದಿಯ ನಂತರದ ಮುಹೂರ್ತಕ್ಕೆ ಕೋಟನೂರಿನಲ್ಲಿ ಮದುವೆ. ಡಾಕ್ಟರ ಸಾಹೇಬರು ಅತ್ತರು ಪೂಸಿಕೊಂಡು ಟಾಂಗಾದಲ್ಲಿ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು. ಮಂತ್ರ ಹೇಳುವ ಅಯ್ಯನವರು ನಿಧಾನದ ಮನುಷ್ಯ, ಒಂದಕ್ಷರವನ್ನೂ ಬಿಡುವವರಲ್ಲ. ನಾನು ಚಕ್ಕಳಮಕ್ಕಳ ಹಾಕಿ ನೆಟ್ಟಗೆ ಕೂತಿದ್ದೆ. ಚಕ್ಕಳಮಕ್ಕಳ ಹಾಕಿದ್ದೇ ಒಂದು ವಿಜಯೋತ್ಸವವೆಂದು ತಿಳಿದು ಒಳಗೊಳಗೇ ಬೀಗುತ್ತಿದ್ದೆ. ಕೊನೆಗೆ ಅಕ್ಷತೆ ಬಿತ್ತು. ಏಳಿರಿ ಎಂದರು. ಎದ್ದೆ. ಎದ್ದ ಕೂಡಲೆ ಒಂದು ಕಡೆಗೆ ವಾಲಿ, ಕುಂಟಿ, ನೀಲವ್ವನ ಭುಜ ಹಿಡಿದುಕೊಂಡೆ.

ಇಡೀ ಹಂದರ 'ಹಾ' ಎಂದಿತು. ಅತ್ತೆ ಎದೆಗೆ ಕೈಯಿಟ್ಟುಕೊಂಡರು. ಸಾಹೇಬರು ಕುರ್ಚಿ ಬಿಟ್ಟು ಎದ್ದು ನಿಂತರು. ಗೌಡರು ಮಂದಿಯನ್ನು ಸೀಳಿಕೊಂಡು ಬಂದು ನನ್ನ ರಟ್ಟೆ ಹಿಡಿದರು. ಅವರ ಕಣ್ಣಿನಲ್ಲಿ ನಿಜವಾದ ಭಯವಿತ್ತು.

"ಏನಾತು ತಮ್ಮಾ? ಆ ಕಾಲು ಮತ್ತ ಕೈ ಕೊಡ್ತೇನು?"

"ಇಲ್ರಿ ಮುತ್ಯಾ," ಎಂದೆ, ಹೊಲಿದ ಬಲಗಾಲಿನ ಮೇಲೆ ಪೂರ್ತಿ ಭಾರ ಬಿಟ್ಟು ನಿಂತು. "ಅದು ಕಂಬ ನಿಂತಂಗ ನಿಂತದ. ಜೋಮು ಹಿಡದದ್ದು ಈ ಎಡಗಾಲು, ದೇವ್ರು ಕೊಟ್ಟದ್ದು."